ನಾನು ಬಾಯಿ ಮುಚ್ಚಿಸಿದ ಅಸೆಂಬ್ಲರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆಯವರ ಸಿಟ್ಟು ಅವರನ್ನು ಸುಡುತ್ತದಂತೆ. ನನ್ನದು ಪಕ್ಕದಲ್ಲಿದ್ದವನನ್ನು ಸುಟ್ಟಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿಗೆ ಆಗ ವಿಜಾಪುರವೆಂದೇ ಹೆಸರು. ಅಲ್ಲಿಯ ಒಂದು ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಗೋಳಗುಮ್ಮಟದ ಹಿಂದೆ ಬಾಡಿಗೆ ಖೋಲಿ, ಖಾನಾವಳಿಯ ಊಟ. ಕಾಲೇಜಿಗೆ ಮುಂಬಯಿಯಲ್ಲಿ ಯಾರೋ ಬಳಸಿ ಬಿಟ್ಟ ಚಿಕ್ಕ ಕಂಪ್ಯೂಟರೊಂದು ಬಂದಿತ್ತು. ಅದರ ಅಚ್ಚಿನ ಯಂತ್ರ ಬಡಿಯತೊಡಗಿದರೆ ಅಂಗಳದಲ್ಲಿದ್ದ ಕಾಲೇಜಿನ ಸಿಪಾಯಿಗೂ ಗೊತ್ತಾಗುತ್ತಿತ್ತು.

ಆ ಕಂಪ್ಯೂಟರಿಗೆ ನಾನೊಂದು ಅಸೆಂಬ್ಲರ್ ಬರೆದೆ. ನಾವು ಬರೆಯುವ ಚುಟುಕು ಆಜ್ಞೆಗಳ ಹೆಸರನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಬದಲಿಸುವ ಪ್ರೋಗ್ರಾಮು ಅದು. ಸ್ವಲ್ಪ ದಿನಕ್ಕೆ ಹೊಸ ಚಿಪ್ಪೊಂದು ಬಂತು. ಹಳೆಯ ಚಿಪ್ಪಿನ ಅಂಕಿಗಳೆಲ್ಲ ಅದಕ್ಕೂ ನಡೆಯುತ್ತಿದ್ದವು, ಆದರೆ ಅದನ್ನು ಮಾಡಿದವರು ಆಜ್ಞೆಗಳಿಗೆ ಬೇರೆ ಹೆಸರಿಟ್ಟಿದ್ದರು. ಯಾರಿಗೂ ಬೇಸರವಾಗಬಾರದೆಂದು ನನ್ನ ಅಸೆಂಬ್ಲರಿಗೆ ಎರಡೂ ಚಿಪ್ಪಿನ ಕೈಪಿಡಿ ಪುಸ್ತಕದ ಹೆಸರು ಕಲಿಸಿದೆ. ಒಂದೆರಡು ಹೆಸರು ಮಾತ್ರ ಎರಡರಲ್ಲೂ ಇದ್ದು ಬೇರೆ ಬೇರೆ ಕೆಲಸ ಹೇಳುತ್ತಿದ್ದವು. ಹೊಸ ಪುಸ್ತಕದಲ್ಲಿ ‘ಜೆಪಿ’ ಎಂದರೆ ಹಿಂದುಮುಂದು ನೋಡದೆ ಹೇಳಿದ ಸಾಲಿಗೆ ಹಾರು. ಹಳೆಯದರಲ್ಲಿ, ಹಿಂದಿನ ಲೆಕ್ಕದ ಉತ್ತರ ಸೊನ್ನೆಗಿಂತ ಕಡಿಮೆ ಬರದಿದ್ದರೆ ಮಾತ್ರ ಹಾರು. ಇಂಥ ಹೆಸರು ಸಿಕ್ಕರೆ ಹಳೆಯ ಪುಸ್ತಕದಂತೆ ನಡೆ ಎಂದು ನಿಯಮ ಮಾಡಿದೆ, ನಾನು ಕಲಿತದ್ದು ಅದರಿಂದ ನೋಡಿ. ಜೊತೆಗೆ ಒಂದು ಎಚ್ಚರಿಕೆಯ ಸಾಲು ಅಚ್ಚಾಗುತ್ತಿತ್ತು.

ನನ್ನ ಕೈಕೆಳಗೆ ತಿಕೋಟಾದ ಒಬ್ಬ ತರುಣನಿದ್ದ, ಹಂಗಾಮಿ ನೌಕರ. ಊರಲ್ಲಿ ಅವನ ತಂದೆಗೆ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಮಗನ ಕೆಲಸ ಕಾಯಂ ಆಗುತ್ತದೆಂದು, ಅವನು ಅಬ್ಬಾ ಎಂದು ಕರೆಯುವ ಆ ತಂದೆ ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದರು. ಹುಡುಗನದು ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ನನ್ನ ಅಸೆಂಬ್ಲರ್ ಅಲ್ಪವಿರಾಮ ತಪ್ಪಿದರೂ ತಕರಾರು ಅಚ್ಚು ಹಾಕುವುದನ್ನು ನೋಡಿ ಒಂದು ದಿನ ಎಲ್ಲರೆದುರೇ ಅಂದ:

“ಸರ್, ನಿಮ್ಮ ಮಷಿನ್ ಅತ್ತಿ ಆಗಿ ಹುಟ್ಟಬೇಕಿತ್ತ ನೋಡ್ರಿ. ಸೊಸಿ ಏನ ಮಾಡಿದ್ರೂ ಗೊಣಗತೈತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲಿನಿಂದ. ಅವರೆಲ್ಲ ಊಟಕ್ಕೆ ಹೋದ ಮೇಲೆ ಕೂತು ಅಸೆಂಬ್ಲರಿನ ಎಚ್ಚರಿಕೆಗಳನ್ನು ಒಂದೂ ಬಿಡದೆ ಕಿತ್ತುಹಾಕಿದೆ. ಗೊಣಗುವುದು ಬೇಡವೇ? ಹಾಗಾದರೆ ತೆಪ್ಪಗಿರಲಿ. ಎರಡರ್ಥದ ಹೆಸರು ಬಂದರೆ ಹಳೆಯದನ್ನೇ ಹಿಡಿಯುತ್ತದೆಂಬುದನ್ನು ಅವನಿಗೆ ಹೇಳಲೂ ಇಲ್ಲ. ಹೊಸ ಪುಸ್ತಕವನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡು ಓದುತ್ತಿದ್ದಾನೆಂದು ಗೊತ್ತಿದ್ದೂ ಹೇಳಲಿಲ್ಲ.

ಅವನು ಮಾಡಿದ್ದು ನೀರಿನ ಪಂಪಿನ ಕೆಲಸ. ಡ್ರಮ್ಮಿನಲ್ಲಿ ನೀರು ಗೆರೆ ಮುಟ್ಟಿದರೆ ಅಥವಾ ದಾಟಿದರೆ ಕಂಪ್ಯೂಟರು ಮೋಟಾರು ಬಂದ್ ಮಾಡಿ, ‘ಜೆಪಿ’ ಎಂದು ಮೊದಲ ಸಾಲಿಗೆ ಹಾರಿ ಮತ್ತೆ ನೀರು ನೋಡಬೇಕು. ಆಡಳಿತ ಮಂಡಳಿಯವರು ನೋಡಲು ಬರುವವರಿದ್ದರು. ಮೆಚ್ಚಿದರೆ ಅವನ ಕೆಲಸ ಕಾಯಂ. ವಾರವಿಡೀ ಪರೀಕ್ಷಿಸಿದೆವು. ನೀರು ನಿಧಾನ ಏರುತ್ತಿತ್ತು, ಗೆರೆ ಮುಟ್ಟುತ್ತಿದ್ದಂತೆ ಮೋಟಾರು ನಿಲ್ಲುತ್ತಿತ್ತು. ಗೆರೆ ದಾಟುವ ಪ್ರಸಂಗವೇ ಬರಲಿಲ್ಲ.

ಆ ದಿನ ಹಿರಿಯರು ಕಾಯಬಾರದೆಂದು ಗೆರೆಗೆ ಬೆರಳಗಲ ಉಳಿಯುವಷ್ಟು ನೀರು ಮೊದಲೇ ತುಂಬಿಸಿಟ್ಟಿದ್ದೆವು. ಮಂಡಳಿಯಲ್ಲಿ ಬಬಲೇಶ್ವರದ ಹಿರಿಯ ರೈತರೊಬ್ಬರಿದ್ದರು. ಹುಡುಗ ಸ್ವಿಚ್ಚಿಗೆ ಕೈ ಹಾಕುತ್ತಿದ್ದಂತೆ ತಡೆದರು.

“ತಡೀಪಾ. ಗಂಗವ್ವನ ಪೂಜಿ ಆಗಲಾರದ ಯಾರರ ಮೋಟಾರ್ ಚಾಲೂ ಮಾಡತಾರೇನು?”

ಅರಿಸಿನ ಕುಂಕುಮ ಬಂತು, ಕಾಯಿ ಒಡೆದರು. ಹೊಸ ಬಾವಿಗೆ ಮಾಡುವ ಹಾಗೆ ಒಂದು ತುಂಬಿದ ಕೊಡವನ್ನು ಭಕ್ತಿಯಿಂದ ಡ್ರಮ್ಮಿಗೆ ಸುರಿದರು. ನೀರು ಗೆರೆ ದಾಟಿತು. ಅದಕ್ಕೂ ಹುಡುಗನ ಪ್ರೋಗ್ರಾಮು ತಯಾರಿತ್ತು, ಹೆದರುವಂಥದ್ದೇನೂ ಇರಲಿಲ್ಲ.

ಹುಡುಗ ಸ್ವಿಚ್ ಹಾಕಿದ. ಮೋಟಾರು ತಿರುಗಿತು, ನಿಂತಿತು, ಕೂಡಲೇ ಮತ್ತೆ ಶುರುವಾಯಿತು. ಆಮೇಲೆ ನಿಲ್ಲಲೇ ಇಲ್ಲ. ನೀರು ಉಕ್ಕಿ ಹಿರಿಯರ ಧೋತರದ ಅಂಚು ತೊಯ್ಯಿತು. ಸಿಪಾಯಿ ಓಡಿಬಂದು ಪ್ಲಗ್ ಕಿತ್ತ.

“ಇದಕಿಂತ ನಮ್ಮ ಹೊಲದಾಗ ಆಳ ಮನಷ್ಯಾ ನಿಂತ ಬಂದ್ ಮಾಡೂದ ಚಲೋ ಐತಿ,” ಎಂದರು ಬಬಲೇಶ್ವರದ ಹಿರಿಯರು.

ಎಲ್ಲರೂ ನನ್ನ ಮುಖ ನೋಡಿದರು. ನನಗೆ ನಿಜವಾಗಿಯೂ ಏನೂ ಹೊಳೆದಿರಲಿಲ್ಲ. ಹುಡುಗನೇ ಮುಂದೆ ಬಂದ.

“ಸರ್‌ದು ಏನೂ ಇಲ್ರಿ ಇದರಾಗ. ಪ್ರೋಗ್ರಾಮ್ ನಂದು, ತಪ್ಪೂ ನಂದ.”

ಅವರು ಹೋದ ಮೇಲೆ ಅಸೆಂಬ್ಲರ್ ಕೊಟ್ಟಿದ್ದ ಅಂಕಿಗಳನ್ನು ತೆಗೆದು ನೋಡಿದೆ. ಹುಡುಗ ‘ಜೆಪಿ’ ಬರೆದ ಕಡೆ ಹೊಸ ಪುಸ್ತಕದ ಅಂಕಿ ಸಿ೩ ಇರಬೇಕಿತ್ತು. ಅಲ್ಲಿ ಹಳೆಯ ಪುಸ್ತಕದ ಎಫ್೨ ಕೂತಿತ್ತು. ಗೆರೆಯ ಅಂಕಿಯಲ್ಲಿ ನೀರಿನ ಅಂಕಿ ಕಳೆದರೆ ವಾರವಿಡೀ ಸೊನ್ನೆಯೇ ಬಂದಿತ್ತು; ಆ ದಿನ ನೀರು ಗೆರೆ ದಾಟಿದ್ದರಿಂದ ಉತ್ತರ ಸೊನ್ನೆಗಿಂತ ಕೆಳಗಿಳಿದು, ಯಂತ್ರ ಹಾರದೆ ಮುಂದಿನ ಸಾಲಿಗೆ ನಡೆದಿತ್ತು. ಮುಂದಿನ ಸಾಲು ಮೋಟಾರು ಚಾಲೂ ಮಾಡುವುದು; ಪ್ರತಿ ಸುತ್ತಿಗೂ ಬಂದ್ ಮಾಡಿದ ಕ್ಷಣವೇ ಮತ್ತೆ ಚಾಲೂ.

ಮರುದಿನ ಪ್ರಾಚಾರ್ಯರಿಗೆ ಎಲ್ಲ ಹೇಳಿದೆ. “ಹಿರ್ಯಾರ ಕಾಲ ಮ್ಯಾಲ ನೀರ ಬಿದ್ದೈತ್ರಿ. ಈಗ ಅಸೆಂಬ್ಲರ್ ಗಿಸೆಂಬ್ಲರ್ ಅಂದ್ರ, ಹುಡುಗನ್ನ ಉಳಸಾಕ ನೀವ ಸುಳ್ಳ ಹೇಳಾಕತ್ತೀರಿ ಅಂತಾರ,” ಎಂದರು. ನಾನು ಹಟ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಹುಡುಗ ಆ ದಿನದಿಂದಲೇ ಕಾಲೇಜಿಗೆ ಬರಲಿಲ್ಲ.

ತಿಕೋಟಾ ಏನು ಕಾಶಿಯೇ? ಅಥಣಿ ರಸ್ತೆಯ ಬಸ್ಸು ಹತ್ತಿದರೆ ಜೊಂಪು ಹತ್ತುವುದರೊಳಗೆ ಬರುವ ಊರು. ಆದರೂ ಪ್ರತಿ ರವಿವಾರ ನನಗೊಂದು ನೆವ ಸಿಗುತ್ತಿತ್ತು. ತಲೆನೋವು, ಪರೀಕ್ಷೆಯ ಪೇಪರು, ಬಟ್ಟೆ ಒಗೆಯುವುದು. ಹೇಡಿಗೆ ನೆವಕ್ಕೇನು ಬರ. ದೀಪಾವಳಿಯ ಹೊತ್ತಿಗೆ ಆದದ್ದು, ನಾನು ಬಸ್ಸು ಹತ್ತಿದಾಗ ಬೇಸಿಗೆ ಬಿದ್ದಿತ್ತು.

ಅಂಗಡಿಯಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. ಕೂತರೆ ಧೈರ್ಯ ಸಾಲದೆಂದು ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ: ಎಚ್ಚರಿಕೆ ಕಿತ್ತದ್ದು, ಸಿಟ್ಟಿಗೆ ಕಿತ್ತದ್ದು, ಗೊತ್ತಿದ್ದೂ ಹೇಳದೇ ಇದ್ದದ್ದು.

“ಅಂದ್ರ ನಾ ಬರದದ್ದು…” ಎಂದ ಮಗ.

“ಒಂದ ಅಕ್ಷರಾನೂ ತಪ್ಪಿರಲಿಲ್ಲಪಾ.”

ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. “ತಲ್ಯಾಗ ಎಷ್ಟ ಸಲ ಓದೇನಿ ಅದನ್ನ, ಸರ್. ತಪ್ಪ ಸಿಗಲೇ ಇಲ್ಲ. ನನ್ನ ತಲೀನ ಸರಿ ಇಲ್ಲ ಅಂತ ತಿಳಕೊಂಡಿದ್ದೆ.” ಆಮೇಲೆ ನಕ್ಕ, ತಂದೆಗೆ ಉರ್ದುವಿನಲ್ಲಿ ತಿಳಿಸಿ ಹೇಳಿದ, ನನಗೆ ಚಹಾ ತರಿಸಿದ. ಬೈಯಲಿಲ್ಲ. ಆ ಚಹಾ ಕುಡಿಯುವಾಗ ಎದೆ ಹಗುರಾಯಿತೆಂದು ಹೇಳಲು ನನಗೆ ಈಗಲೂ ನಾಚಿಕೆ. ಸಿಕ್ಕಿತಲ್ಲ ಕ್ಷಮೆ, ಇನ್ನು ಹೊರಡೋಣ ಎಂದುಕೊಂಡೆ.

ಅಷ್ಟರಲ್ಲಿ ಒಬ್ಬ ರೈತ ದುರಸ್ತಿಯಾದ ತನ್ನ ಮೋಟಾರನ್ನು ಬಂಡಿಗೆ ಹೇರಿದ. ಬಂಡಿ ಹೊರಡುತ್ತಿದ್ದಂತೆ ಹುಡುಗ ಅದರ ಹಿಂದೆ ಓಡಿದ. “ಕಾಕಾ, ಇಳಸ್ರಿ ಅದನ್ನ. ವೈರ್ ಒಮ್ಮಿ ನೋಡತೇನಿ.”

“ಇದು ಎಷ್ಟನೇ ಸಲೋ ತಮ್ಮಾ? ಈಗರ ನೋಡಿದಿಯಲ್ಲ,” ಎಂದು ರೈತ ಗೊಣಗಿದ.

ಅಬ್ಬಾ ಮೆಲ್ಲಗೆ ನನಗೆ ಹೇಳಿದರು: “ಕಾಲೇಜ ಬಿಟ್ಟ ಬಂದಾಗಿಂದ ಹಿಂಗ್ರಿ. ಗಿರಾಕಿ ಹೋಗಗೊಡಂಗಿಲ್ಲ. ತನ್ನ ಕೈ ಮ್ಯಾಲ ತನಗ ನಂಬಿಕಿ ಇಲ್ಲ. ನೀವ ಒಂದ ಮಾತ ಹೇಳ್ರಿ ಸರ್, ನಿಮ್ಮ ಮಾತ ಕೇಳತಾನ.”

ಬಂಡಿಯ ಹತ್ತಿರ ಹೋಗಿ ಮೋಟಾರು ನೋಡಿದೆ. ತಂತಿ ಕೂಡಿಸಿದ್ದು ಚೊಕ್ಕವಾಗಿತ್ತು.

“ಸರಿ ಐತೋ. ಬಿಡು,” ಎಂದೆ.

“ಹೌದ್ರಿ ಸರ್, ಸರೀನ ಐತಿ,” ಎಂದ ಅವನು. ನನ್ನ ಮುಖ ನೋಡಿ ನಕ್ಕ. ನಗುತ್ತಲೇ ಪಾನಾ ತೆಗೆದುಕೊಂಡು ಮುಚ್ಚಳದ ನಟ್ಟು ಬಿಚ್ಚತೊಡಗಿದ.