ಕಂಬಳಿ ಹೊಚ್ಚಿದ ಐದು ದೀಪ

ಹಾಯಿದೋಣಿ ಓಟ ಬಿಡಾಕ ನಾ ಗಡಿಯಾರ ಮಾಡಿದ್ನಿ ಅಂದ್ರ ನಮ್ಮ ಕಡೆ ಮಂದಿ ಇವತ್ತಿಗೂ ನನ್ನ ಮಾರಿ ನೋಡಿ ನಗತಾರ. ನಗಲಿ. ಬಯಲುಸೀಮಿಯಾಗ ಹಾಯಿದೋಣಿ ಎಲ್ಲಿಂದ ಬಂತು ಅಂತ ಕೇಳ್ತಾರ. ಎಂಬತ್ತರ ದಶಕದಾಗ ಹುನಗುಂದ ತಾಲ್ಲೂಕಿನ ಕೃಷ್ಣಾ ಹಿನ್ನೀರಿನಾಗ ಕಾಲೇಜು ಹುಡುಗರಿಗೆ ಶಿಬಿರ ನಡೀತಿತ್ತು, ಅಲ್ಲಿಂದ ಬಂತು.

ಹಾಯಿದೋಣಿ ಗಾಳಿಗೆ ಓಡೂದು. ಎತ್ತಿನ ಬಂಡಿ ಹಂಗ ಅದನ್ನ ಗೆರಿ ಮ್ಯಾಲ ತಂದು ನಿಂದರಸಾಕ ಬರೂದಿಲ್ಲ. ಗೆರಿ ಹಿಂದ ಸುತ್ತಾಡಿ, ಹೊತ್ತು ನೋಡಿ, ಓಟ ಬಿಡೂ ಕ್ಷಣಕ್ಕ ಸರಿಯಾಗಿ ಜೋರ್ ಹಿಡದು ದಾಟಬೇಕು. ಆ ಕ್ಷಣಕ್ಕಿಂತ ಮೊದಲ ದಾಟಿದಾಂವ ತಿರುಗಿ ಬಂದು ಮತ್ತ ದಾಟಬೇಕು. ಶಿಬಿರದ ಸಾಹೇಬ್ರು ನೌಕಾದಳದಾಗ ಇದ್ದು ನಿವೃತ್ತಿ ಆದವ್ರು, ಕೈಗಡಿಯಾರ ನೋಡಿ ಸೀಟಿ ಊದತಿದ್ರು. ಆ ಗಾಳ್ಯಾಗ ಸೀಟಿ ಯಾರಿಗೆ ಕೇಳಬೇಕು? ದಿನಾ ಜಗಳ. ಬ್ಯಾಸರ ಆಗಿ ಅವ್ರು ಬಾಗಲಕೋಟಿಯ ನಮ್ಮ ಪಾಲಿಟೆಕ್ನಿಕ್‌ಗೆ ಬಂದು, ದೂರದಿಂದ ಕಾಣೂವಂಥಾ ಏನರ ಮಾಡಿಕೊಡ್ರಿ ಅಂತ ಕೇಳಿದ್ರು. ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕಡೀ ವರ್ಷದಾಗಿದ್ದ ನಾ, ಯಾರೂ ಬಾಯಿ ಬಿಡೂಕಿಂತ ಮೊದಲ, ನಾ ಮಾಡ್ತೇನಿ ಅಂದ್ನಿ.

ಮಾಡಿದ್ನಿ. ಒಂದು ಹಲಗಿ, ಅದರ ಮ್ಯಾಲ ಸಾಲಾಗಿ ಐದು ಕೆಂಪು ದೀಪ. ಗುಂಡಿ ಒತ್ತಿದ ಮ್ಯಾಲ ನಿಮಿಷಕ್ಕೊಂದು ದೀಪ ಆರೂದು, ಕಡೀದು ಆರಿದ ಕೂಡ್ಲೆ ಲಾರಿ ಹಾರ್ನ್ ಕೂಗೂದು. ಲೆಕ್ಕ ಇಡೂದು ಬೆರಳಿನ ಉಗುರಿನಷ್ಟ ಇದ್ದ ಒಂದು ಚಿಪ್. ಒಂದೊಂದು ತಂತಿನೂ ನಾನ ಬೆಸುಗಿ ಹಾಕಿದ್ನಿ.

ನಮ್ಮದು ಬೇವೂರ ಕಡೆ ಕುರಿ ಸಾಕೂ ಮನಿತನ, ಬೀರಪ್ಪನ ಒಕ್ಕಲು. ಡಿಪ್ಲೊಮಾ ಮುಗದ ಮ್ಯಾಲ ಇಂಜಿನಿಯರಿಂಗ್ ಓದ್ತೇನಿ ಅಂತ ನಾ ಹಟ ಹಿಡದಿದ್ನಿ. ಇಳಕಲ್ಲಿನಿಂದ ನನಗ ಒಂದು ಛಲೋ ಗಂಡಿನ ಸಂಬಂಧ ಬಂದು ಕುಂತಿತ್ತು. ಅಪ್ಪ ಹ್ಞೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ನೀ ಏನ ಕಲ್ತಿ ಅಂತ ಒಮ್ಮೆ ಕಣ್ಣಾರೆ ನೋಡ್ತೇನಿ, ಆಮ್ಯಾಲ ಅವ್ರಿಗೆ ಹೇಳಿ ಕಳಸ್ತೇನಿ ಅಂದಿದ್ದ. ಹಂಗಾಗಿ ಓಟದ ದಿನ ಹೆಗಲಿಗೆ ಕರೀ ಕಂಬಳಿ ಹಾಕ್ಕೊಂಡು ನೀರಿನ ದಂಡಿಗೆ ಬಂದು ನಿಂತ.

ಸಾಹೇಬ್ರು ಕೈ ಮಾಡಿದ್ರು. ನಾ ಗುಂಡಿ ಒತ್ತಿದ್ನಿ. ಐದೂ ದೀಪ ಹತ್ತಿದ್ವು, ಆದರ ಅದು ಹತ್ತಿರ ನಿಂತ ನನಗ ಅಷ್ಟ ಗೊತ್ತು. ನೀರಾಗಿನ ಹುಡುಗರು ದೀಪ ಎಲ್ಲಿ ಅಂತ ಕೈ ಬೀಸಿ ಕೇಳಾಕ ಹತ್ತಿದ್ರು. ನಾ ಲ್ಯಾಬಿನ ಕಿಟಕಿ ಮುಚ್ಚಿ, ನೆರಳಾಗ ಹಚ್ಚಿ ಹಚ್ಚಿ ನೋಡಿ ಹಿಗ್ಗಿದಾಕಿ. ಹುನಗುಂದದ ಬಿಸಲಾಗ ಹತ್ತಿದ ದೀಪ ಯಾವುದು, ಆರಿದ್ದು ಯಾವುದು ತಿಳೀದಂಗ ಆತು. ಮೊದಲನೇದು ಆರೇ ಹೋತು, ಯಾರಿಗೂ ಕಾಣಲಿಲ್ಲ. ಸಾಹೇಬ್ರ ಕೈ ಕೊರಳಾಗಿನ ಸೀಟಿಗೆ ಹೋತು. ಇಳಕಲ್ಲಿನ ಸಂಬಂಧ ಗಟ್ಟಿ ಆತು ಅಂದ್ಕೊಂಡ್ನಿ.

ಸಿಟ್ಟು ಅಂದ್ರ ಸಿಟ್ಟು ಬಂತು ನನಗ, ಸೂರ್ಯನ ಮ್ಯಾಲೂ, ನನ್ನ ಮ್ಯಾಲೂ. ತಿರುಗಿದಾಕಿನ ಅಪ್ಪನ ಹೆಗಲ ಮ್ಯಾಲಿನ ಕಂಬಳಿ ಎಳಕೊಂಡ್ನಿ. ನಮ್ಮಾಗ ಗಂಡಸಿನ ಹೆಗಲ ಮ್ಯಾಲಿನ ಕಂಬಳಿಗೆ ಯಾರೂ ಕೈ ಹಚ್ಚೂದಿಲ್ಲ. ಅದನ್ನ ಹಾಸೇ ದೇವರ ಗದ್ದಿಗಿ ಮಾಡೂದು. ಹೆಣ್ಣಮಗಳು ಹತ್ತು ಮಂದ್ಯಾಗ ಅದನ್ನ ಎಳಕೊಳ್ಳೂದಂದ್ರ ಅಪ್ಪನ ಮಾನ ಕಳದಂಗ. ಅವನ ಮಾರಿ ಕೆಂಪಾಗಿದ್ದು ನೋಡಿದ್ನಿ, ನೋಡಿನೂ ಬಿಡಲಿಲ್ಲ. ಹಲಗಿ ಮ್ಯಾಲ ಗುಡಾರದಂಗ ಹೊಚ್ಚಿ, ನೀರಿನ ಕಡೆ ಅಷ್ಟ ಬಾಯಿ ಬಿಟ್ನಿ. ಒಳಗ ಕತ್ತಲಾತು. ಉಳಿದ ನಾಕು ದೀಪ ಕೆಂಡದಂಗ ಕಂಡ್ವು.

ಗಾಳಿಗೆ ಕಂಬಳಿಯ ಮುಂದಿನ ಸೆರಗು ಹಾರಿ ದೀಪದ ಮ್ಯಾಲ ಬೀಳಾಕ ಹತ್ತಿತು. ನನ್ನ ಎರಡೂ ಕೈ ಹಿಂದಿನ ತುದಿ ಹಿಡದಿದ್ವು. ಆಗ ಇನ್ನೊಂದು ಕೈ ಬಂದು ಆ ಸೆರಗು ಎತ್ತಿ ಹಿಡೀತು. ಅಪ್ಪ. ಕಡೀತನಕ ಕೈ ಇಳಸಲಿಲ್ಲ.

ದೀಪ ಒಂದೊಂದ ಆರಿದ್ವು, ಕಡೀದೂ ಆರಿತು. ಹಾರ್ನ್ ಕೂಗಿದ್ದಕ್ಕೂ ದೋಣಿಗಳು ಹಾಯಿ ಉಬ್ಬಿಸಿಕೊಂಡು ಗೆರಿ ದಾಟಿದ್ದಕ್ಕೂ ಸರಿ ಹೋತು. ಒಬ್ಬನೂ ಮೊದಲ ದಾಟಿರಲಿಲ್ಲ, ಅವತ್ತ ಜಗಳ ಇಲ್ಲ. ನನಗ ಕುಣೀಬೇಕು ಅನಿಸಿತು ಖರೆ, ಅಪ್ಪ ಬಾಜೂಕ ಇದ್ದ ಅಂತ ಸುಮ್ನ ನಿಂತ್ನಿ.

ಸಾಹೇಬ್ರು ಬಂದು, ಶಿಬಿರ ಮುಗಿಯೂತನಕ ಈ ಕಂಬಳಿ ಇಲ್ಲೇ ಬಿಡ್ತೀರೇನು ಅಂತ ಅಪ್ಪನ್ನ ಕೇಳಿದ್ರು. ಅಪ್ಪ ಹಲಗಿ ಕಡೆ ನೋಡಿದ, ನನ್ನ ಕಡೆ ನೋಡಿದ.

“ಇರ್ಲಿರಿ. ಇಳಕಲ್ಲಿನವ್ರಿಗೆ ಹೇಳಿ ಕಳಸ್ತೇನಿ, ನಮ್ಮ ಹುಡುಗಿ ಇನ್ನೂ ಓದಾಕಿ ಅದಾಳ ಅಂತ.”

ಕಂಬಳಿ ಇಲ್ಲದ ಅಪ್ಪ ಹೊರಗ ಕಾಲಿಟ್ಟಿದ್ದು ನಾ ಹುಟ್ಟಿದಾಗಿಂದ ನೋಡಿರಲಿಲ್ಲ. ಅವತ್ತ ಬರೀ ಹೆಗಲಿಲೇ ಬಸ್ ಹತ್ತಿದ. ಊರಾಗ ಇಳದ ಕೂಡ್ಲೆ, ಕಂಬಳಿ ಎಲ್ಲಿ ಕಳಕೊಂಡಿ ಅಂತ ಮಂದಿ ಕೇಳಿದರಂತ. ಅವ್ವ ಆಮ್ಯಾಲ ಹೇಳಿದ್ಲು, ಎದಿ ಉಬ್ಬಿಸಿ ಎಲ್ಲಾರಿಗೂ ಒಂದ ಮಾತು ಹೇಳಿದನಂತ:

“ಕಳಕೊಂಡಿಲ್ಲ. ಮಗಳ ಕೆಲಸಕ್ಕ ಹೊಚ್ಚಿ ಬಂದೇನಿ.”