ದಿಬ್ಬದ ಬೂದಿ

ಗ್ಯಾಸ್ ಒಲೆ ಬಂದ ಮೇಲೆ ನಮ್ಮ ಮನೆಯಲ್ಲಿ ಬೂದಿಯೇ ಇಲ್ಲದಂತಾಯಿತು. ಹೆಸರುಕಾಳಿಗೆ ಹುಳ ಬೀಳದಂತೆ ಬೂದಿ ಸವರಿ ಗಡಿಗೆ ತುಂಬಿಡುವುದು ನನ್ನ ಹೆಂಡತಿಯ ರೂಢಿ. "ಗ್ಯಾಸ್ ಬಂದ ಮ್ಯಾಲ ಬೂದಿಗೂ ಬಡತನ ಬಂತ ನೋಡ್ರಿ" ಎಂದು ಅವಳು ಗೊಣಗಿದ ದಿನವೇ ನಾನು ಚೀಲ ಹಿಡಿದು ಊರ ಹಿಂದಿನ ದಿಬ್ಬ ಹತ್ತಿದೆ.

ಅಲ್ಲಿ ಹಿಂದೆ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಭಟ್ಟಿಯಿತ್ತು. ನಡೆಸುತ್ತಿದ್ದವರು ಬಿಟ್ಟುಹೋಗಿ ಬಹಳ ವರ್ಷಗಳಾಗಿವೆ. ಬಿದ್ದ ಗೋಡೆಯ ಪಕ್ಕದಲ್ಲಿ ಹಿಟ್ಟಿನಷ್ಟು ನುಣ್ಣನೆಯ ಬೂದಿಯ ರಾಶಿ. ಅದರ ಮೇಲೆ ಒಂದು ಇರುವೆಯೂ ಹರಿದಾಡುತ್ತಿರಲಿಲ್ಲ. ಕಾಳಿಗೆ ಇದಕ್ಕಿಂತ ಒಳ್ಳೆಯ ಬೂದಿ ಸಿಗದು ಎಂದುಕೊಂಡೆ.

ಅವಳಿಗೂ ಹಿಡಿಸಿತು, ಎಲ್ಲಿಯದೆಂದು ಕೇಳಲಿಲ್ಲ. ಕಾಳು ಕೆಡಲಿಲ್ಲ, ತಿಕ್ಕಿದ ಪಾತ್ರೆಗಳು ಹೊಳೆದವು. "ಮದುವಿ ಆದಾಗಿಂದ ನೀವು ತಂದದ್ದರಾಗ ಇದೊಂದ ಉಪಯೋಗಕ್ಕ ಬಂತು" ಎಂದು ನಕ್ಕಳು. ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು ಅವಳ ಜೀವದ ಗೆಳತಿ. ಆಕೆಗೂ ಆಗಾಗ ಒಂದು ಡಬ್ಬಿ ತುಂಬಿ ಕೊಡುತ್ತಿದ್ದಳು.

ಒಂದೆರಡು ವರ್ಷಗಳಲ್ಲಿ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಆಮೇಲೆ ಕೈ ನಡುಕ, ಆಮೇಲೆ ಕಿಡ್ನಿ. ರಕ್ತದಲ್ಲಿ ಸೀಸವಿದೆ ಎಂದು ಮಿರಜದ ಡಾಕ್ಟರು ಹೇಳಿದರು. ಊರ ಬಾವಿಯ ನೀರಿನಲ್ಲೂ ಸೀಸ ಸಿಕ್ಕಿತು. ದಿಬ್ಬದ ಒಳಗೆಲ್ಲ ಸುಣ್ಣಕಲ್ಲು, ಕಲ್ಲಿನ ತುಂಬ ನೀರು ಕೊರೆದ ಬಿಲಗಳು, ಭಟ್ಟಿಯ ಹೊಲಸನ್ನು ತೊಳೆದ ಮಳೆನೀರು ಸೋಸದೆ ನೇರವಾಗಿ ಬಾವಿಗೆ ಬರುತ್ತದೆ ಎಂದು ಪರೀಕ್ಷೆಗೆ ಬಂದವರು ತಿಳಿಸಿದರು. ಊರವರು ಬಾವಿ ಬಿಟ್ಟು ಟ್ಯಾಂಕರಿಗೆ ಸಾಲು ನಿಂತರು.

ಆದರೆ ಡಾಕ್ಟರು ನನ್ನನ್ನು ಇನ್ನೊಂದು ಮಾತು ಕೇಳಿದ್ದರು, ಮನೆಯಲ್ಲಿ ಏನೇನು ಬಳಸುತ್ತೀರಿ ಎಂದು. ನಾನು ಬೂದಿಯ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ವಿಷ ಅದರಲ್ಲೇ ಇದೆ ಎಂದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಅವಳು ತೀರಿಕೊಂಡಳು. ನೀರೇ ಕೊಂದಿತು ಎಂದು ಊರು ಹೇಳಿತು. ನಾನು ಹೂಂ ಎಂದೆ.

ಈಗ ಒಬ್ಬನೇ ಇದ್ದೇನೆ. ಅಡುಗೆಮನೆಯಲ್ಲಿ ಚಹಾದ ಪಾತ್ರೆಯೊಂದನ್ನು ಬಿಟ್ಟು ಏನನ್ನೂ ಮುಟ್ಟುವುದಿಲ್ಲ.

ಮೊನ್ನೆ ಪಕ್ಕದ ಮನೆಯಾಕೆ ಖಾಲಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. "ಅಣ್ಣಾರ, ಮಗಳು ಬಾಣಂತನಕ್ಕ ಬಂದಾಳ್ರಿ. ಹೆಸರುಕಾಳ ಕೊಡ್ತೀನಂತ ಅಕ್ಕಾ ಹೇಳಿದ್ಲು. ಆಕಿ ಕೈಯಿಂದ ಕಟ್ಟಿಟ್ಟ ಕಾಳ ಉಂಡ್ರ ಹುಡುಗಿಗೂ ಛಲೋ."

ನಾನು ಗಡಿಗೆಯ ತನಕ ಹೋಗಿ ಅದರ ಬಾಯಿಗೆ ಕಟ್ಟಿದ ಬಟ್ಟೆಯ ಗಂಟಿಗೆ ಕೈ ಹಾಕಿ ನಿಂತೆ. ಬಿಚ್ಚಲಾಗಲಿಲ್ಲ.

"ಕೊಡಾಂಗಿಲ್ಲವ್ವಾ. ಇದರಾಗ ವಿಷ ಐತಿ. ಆ ಬೂದಿ ಭಟ್ಟಿದು. ನಾನ ತಂದಿದ್ದು."

ಆಕೆ ಪಾತ್ರೆಯನ್ನು ಎದೆಗೆ ಒತ್ತಿಕೊಂಡಳು. "ಈಗೂ ಅದರಿಂದನ ಭಾಂಡೆ ತಿಕ್ಕಾಕತ್ತೀನಲ್ರಿ ನಾನು. ನಿಮಗ ಯಾವಾಗ ಗೊತ್ತಾತು?"

"ಮಿರಜದಾಗ."

"ನಾಕ ತಿಂಗಳಾತಲ್ರಿ ಅಣ್ಣಾರ!"

ಬೈಯಲಿಲ್ಲ. ಬೈದಿದ್ದರೆ ನಿಂತು ಕೇಳುತ್ತಿದ್ದೆ. ಮನೆಗೆ ಹೋದಳು. ಗೋಡೆಯಾಚೆ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ಇಡುವ ಸದ್ದು ಸಂಜೆಯವರೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳು ಮಿರಜದ ಬಸ್ಸಿಗೆ ಕಾಯುತ್ತಿದ್ದರು. ಮಗಳು ತುಂಬಿದ ಬಸುರಿ, ಒಂದು ಕೈ ಸೊಂಟದ ಮೇಲಿತ್ತು. ನಾನು ಚಹಾದಂಗಡಿಯ ಮರೆಯಲ್ಲಿ ನಿಂತೆ. ಬಸ್ಸು ಬಂದಾಗ ತಾಯಿ ತಿರುಗಿ ನೇರವಾಗಿ ನನ್ನನ್ನೇ ನೋಡಿದಳು.

"ಅಲ್ಲೇನ ನಿಂತೀರಿ? ಬರ್ರಿ. ಎಷ್ಟ ತಂದ್ರಿ, ಯಾವಾಗ ತಂದ್ರಿ, ಡಾಕ್ಟರಗ ಎಲ್ಲಾ ನೀವ ಹೇಳಬೇಕು."

ಹತ್ತಿದೆ. ಅವರು ಮುಂದಿನ ಸೀಟಿನಲ್ಲಿ ಕುಳಿತರು, ನಾನು ಕೊನೆಯ ಸೀಟಿನಲ್ಲಿ. ಹೇಳಬೇಕಾದುದನ್ನು ಮೊದಲಿನಿಂದ ಜೋಡಿಸಿಕೊಳ್ಳತೊಡಗಿದೆ.