ಹಿತ್ತಲ ಲಾವಕ್ಕಿಗಳ ಬೀಗತನ

ನಮ್ಮ ಮಾವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಪ್ರಾಯದಲ್ಲಿ ಕುರಿಯ ಉಣ್ಣೆ ಕತ್ತರಿಸುವಾಗ ಕತ್ತರಿ ಬಡಿದದ್ದಂತೆ. ಆ ಬೆರಳಿನಿಂದಲೇ ತಂತಿ ಮಣಿಸುವರು, ಎಲೆಗೆ ಸುಣ್ಣ ಸವರುವರು, ಅದನ್ನೇ ನನ್ನ ಕಡೆ ಮಾಡಿ "ಮಾಸ್ತರ, ನಿಮಗ ತಿಳಿಯೂದಿಲ್ರಿ, ಸುಮ್ಮ ಕುಂಡ್ರಿ" ಎನ್ನುವರು. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದೆವು. ಅವರ ಪ್ರಕಾರ ಅಷ್ಟು ವರ್ಷವೂ ನನಗೆ ಏನೇನೂ ತಿಳಿಯಲಿಲ್ಲ.

ಬನಹಟ್ಟಿಯ ಆ ಮನೆಗೆ ನಾನು ಹೋದದ್ದು ಎರಡು ತಿಂಗಳ ಮಟ್ಟಿಗೆ. ರಬಕವಿಯ ಶಾಲೆಗೆ ವರ್ಗವಾಗಿತ್ತು, ಬಾಡಿಗೆ ಮನೆ ಸಿಕ್ಕಿರಲಿಲ್ಲ. ನನ್ನ ಹೆಂಡತಿ ಅವರಿಗೆ ಒಬ್ಬಳೇ ಮಗಳು; ಅತ್ತೆ ತೀರಿ ವರ್ಷವಾಗಿತ್ತು. ಎರಡು ತಿಂಗಳು ಎರಡು ವರ್ಷವಾಗಿ ನಾನು ಮನೆಅಳಿಯನಾಗಿಬಿಟ್ಟೆ. "ಏನ್ರಿ ಮಾಸ್ತರ, ಇಲ್ಲೇ ಬೇರು ಬಿಟ್ರ್ಯಾ?" ಎಂದು ಓಣಿಯವರು ನಗುವರು. ಮಾವ ಹೂಂ ಎಂದವರಲ್ಲ, ಉಹೂಂ ಎಂದವರಲ್ಲ. ನಾನು ಈ ಮನೆಯವನೋ, ಬಂದು ತಂಗಿದವನೋ ಎಂಬುದು ಅವರ ಬಾಯಿಂದ ಬರಬೇಕಿತ್ತು. ಆ ಬಾಯಿ ಬೇರೆ ಎಲ್ಲದಕ್ಕೂ ತೆರೆಯುತ್ತಿತ್ತು.

ಮೊಣಕಾಲು ಕೈಕೊಟ್ಟ ಮೇಲೆ ಅವರು ಕುರಿ ಮಾರಿದ್ದರು. ಸುಮ್ಮನಿರಬೇಕಲ್ಲ! ಧಾರವಾಡದ ಕಡೆಯ ನೆಂಟರು ಜಪಾನಿನ ತಳಿಯ ಲಾವಕ್ಕಿ ಸಾಕಿದ್ದನ್ನು ನೋಡಿ, ಒಂದು ಬುಟ್ಟಿ ತುಂಬಿಕೊಂಡೇ ಬಂದರು. ಅಂಗೈ ತುಂಬುವಷ್ಟು ದುಂಡನೆಯ, ಚುಕ್ಕೆಚುಕ್ಕೆಯ ಹಕ್ಕಿ. ಹಿತ್ತಲಲ್ಲಿ ನಾಲ್ಕು ಗೂಡು ಎದ್ದವು. ಗೂಡಿನ ವಿಷಯದಲ್ಲಿ ಮಾತ್ರ ಅವರಿಗೆ ಕೈ ಮುಗಿಯಬೇಕು. ಲಾವಕ್ಕಿ ಬೆದರಿದರೆ ನೆಟ್ಟಗೆ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತದೆ. ಅದಕ್ಕೆಂದು ಗೂಡಿನ ಸೂರನ್ನು ಮೊಳದೆತ್ತರಕ್ಕೂ ಏರಿಸದೆ, ಒಳಗಿನಿಂದ ಹಳೆಯ ಕಂಬಳಿಯ ತುಂಡು ಬಿಗಿದು ಹೊಲಿದರು. ಗೂಡಿಗೊಂದು ಗಂಡು, ಮೂರು ಹೆಣ್ಣು. ಈ ಹಕ್ಕಿಗಳು ಕಾವಿಗೆ ಕೂರುವುದಿಲ್ಲ. ಮೊಟ್ಟೆಗಳನ್ನು ಜವಾರಿ ಕೋಳಿಯ ಹೊಟ್ಟೆಯಡಿ ಇಟ್ಟು ಮರಿ ಮಾಡಿಸಿದರು.

ಮರಿ ಬೆಳೆದವು, ಗೋಳೂ ಬೆಳೆಯಿತು. ಒಡಹುಟ್ಟಿದವು ಕೂಡಿದರೆ ತಳಿ ಕುಗ್ಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಅದಕ್ಕೆ ಮಾಡಿದ್ದೇನು? ಗೂಡಿಗೊಂದು ಬೆಡಗು, ಅಂದರೆ ಕುಲ, ಹಂಚಿದರು! ನಮ್ಮ ಜನರಲ್ಲಿ ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಹಾಗಾಗಿ ಒಂದನೆಯ ಗೂಡಿನ ಹೆಣ್ಣುಮರಿ ಎರಡಕ್ಕೆ ಸೊಸೆ, ಎರಡರದ್ದು ಮೂರಕ್ಕೆ. ಅಮಾವಾಸ್ಯೆ ಕಳೆದು, ಸೋಮವಾರ ನೋಡಿ ಕಳಿಸುವರು. ಹೋದ ಸೊಸೆಯನ್ನು ಅಲ್ಲಿನ ಹಳೆಯ ಹೆಣ್ಣುಗಳು ತಲೆಗೆ ಕುಕ್ಕಿ ಕುಕ್ಕಿ ನೆತ್ತರು ಬರಿಸುವವು. ಮೊಟ್ಟೆಯೂ ನಿಂತಿತು. ಮಾವ ಗಾಯಕ್ಕೆ ಅರಿಶಿನ ಮೆತ್ತಿ ಮತ್ತೆ ಅಲ್ಲಿಗೇ ಬಿಡುವರು. "ಹೊಸದಾಗಿ ಬಂದೈತಿ, ಹೊಂದ್ಕೊಂತೈತಿ ತಗೋರಿ."

ತಡೆಯಲಾರದೆ ಜಮಖಂಡಿಯಿಂದ ಒಂದು ಕೈಪಿಡಿ ತಂದು ಓದಿ ಹೇಳಿದೆ. ಹೆಣ್ಣುಗಳನ್ನು ಇದ್ದಲ್ಲೇ ಬಿಡಬೇಕು, ಗಂಡುಗಳನ್ನು ಗೂಡಿನಿಂದ ಗೂಡಿಗೆ ದಾಟಿಸಬೇಕು.

"ಗಂಡು ಹೋಗಿ ಹೆಣ್ಣಿನ ಮನ್ಯಾಗ ಕುಂಡ್ರೂದಾ?"

"ಕುರಿ ಸಾಕಿದ್ರಲ್ಲ, ಹಿಂಡಿಂದ ಹಿಂಡಿಗೆ ಟಗರು ದಾಟಸ್ತಿದ್ದಿಲ್ಲೇನ್ರಿ?"

"ಕುರಿಗೆ ಮನಿ ಎಲ್ಲೈತ್ರಿ? ಬಯಲಾಗಿರ್ತಾವ. ಇವಕ್ಕ ನಾ ಮನಿ ಕಟ್ಟೇನಿ. ಮನಿ ಅಂದಮ್ಯಾಲ ಒಂದು ರೀತಿ ಇರತೈತಿ. ಹೆಣ್ಣಿನ ಮನ್ಯಾಗ ಕುಂತು ಉಣ್ಣೂ ಗಂಡಿಗೆ ಕಿಮ್ಮತ್ತಿಲ್ಲ."

ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ಕೈ ನಿಂತಿತು. ಕೈಪಿಡಿ ಮಡಚಿ ಒಳಗೆ ಹೋದೆ.

ಮರುದಿನವೇ ನಾಲ್ಕನೆಯ ಗೂಡಿನ ಹೊಸ ಸೊಸೆ ಸತ್ತುಬಿದ್ದಿತ್ತು. ಮಾವ ಅದನ್ನು ನುಗ್ಗೆಗಿಡದ ಬುಡದಲ್ಲಿ ಹೂಳುವುದನ್ನು ಕಂಡೆ. ನಾನು ರಬಕವಿಯಲ್ಲಿ ಎರಡು ಖೋಲಿಯ ಮನೆ ಹುಡುಕಿದೆ. ಹೆಂಡತಿ ಅತ್ತಳು, ಆದರೆ ಬೇಡ ಎನ್ನಲಿಲ್ಲ. ಎಂಟು ದಿನಕ್ಕೆ ಗಾಡಿ ಬಾಗಿಲಿಗೆ ಬಂತು, ಹಾಸಿಗೆ ಪಾತ್ರೆ ಎಲ್ಲ ಹೇರಿದೆವು. ಹಿತ್ತಲಿಂದ ಕೂಗು ಬಂತು: "ಮಾಸ್ತರ, ಒಂದೀಟ ಬರ್ರಿ ಇಲ್ಲೆ."

ಹೋಗಿ ನೋಡಿದರೆ ನಾಲ್ಕನೆಯ ಗೂಡಿನಲ್ಲಿ ಮೂರನೆಯದರ ಗಂಡು! ಹೆಣ್ಣುಗಳು ತಣ್ಣಗೆ ಮೇಯುತ್ತಿದ್ದವು. ಮೂಲೆಯಲ್ಲಿ ಒಂದು ಮೊಟ್ಟೆ.

"ಅದು ಸತ್ತ ದಿನಾನ ಬಿಟ್ಟೇನಿ. ಇವ ಬಂದಮ್ಯಾಲ ಮನಿ ಮನಿಹಂಗ ಐತಿ."

"ಛಲೋ ಆತಲ್ರಿ ಹಕ್ಕಿಗೆ," ಎಂದು ನಾನು ತಿರುಗಿದೆ.

ಮಾವನಿಗೆ ಸಿಟ್ಟು ನೆತ್ತಿಗೇರಿತು. "ಹಕ್ಕಿ ಮಾತೇನ್ರಿ ಇದು? ಸಾಲಿ ಕಲಸೂ ಮನಶ್ಯಾಗ ಎಷ್ಟಂತ ಬಿಡಿಸಿ ಹೇಳಬೇಕ್ರಿ! ಗಾಡ್ಯಾಗಿನ ಸಾಮಾನ ಇಳಸ್ರಿ ಮೊದಲ."

ಇಳಿಸಿದೆವು. ತಪ್ಪಾಯಿತು ಎಂಬ ಮಾತಿಲ್ಲ, ಇರಿ ಎಂಬ ಮಾತೂ ಇಲ್ಲ. ಆಮೇಲಿನ ಒಂಬತ್ತು ವರ್ಷ ನನ್ನ ಜೀವ ತಿಂದರು. ಗಂಡು ದಾಟಿಸುವ ದಿನ ರಜೆ ಇದ್ದರೂ ಬಿಡರು, ಪರೀಕ್ಷೆ ಇದ್ದರೂ ಬಿಡರು. ಹಕ್ಕಿ ಹಿಡಿಯಲು ನಾನೇ ಬೇಕು. ಬೀಳಗಿಯಿಂದ ಬಂದ ಬೀಗರೆದುರು "ಈ ಪದ್ಧತಿ ನಾನ ಹುಡುಕಿದ್ದು" ಎಂದು ಕೊಚ್ಚಿಕೊಳ್ಳುವಾಗ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಉಬ್ಬಸ ಹೆಚ್ಚಾಗಿ ಒಂದು ಮುಂಜಾನೆ ಹೋಗಿಬಿಟ್ಟರು. ನಮ್ಮಲ್ಲಿ ಹೂಳುವಾಗ ಮೊದಲ ಹಿಡಿ ಮಣ್ಣು ಮಗನದು. ಮಗನಿಲ್ಲದಿದ್ದರೆ ಅಣ್ಣತಮ್ಮಂದಿರ ಮಗನದು. ಮುಧೋಳದಿಂದ ಬಂದಿದ್ದ ಅವರ ಅಣ್ಣನ ಮಗ ಧೋತರ ಎತ್ತಿಕಟ್ಟಿ ಮುಂದೆ ಬಂದ. ಅಳಿಯನಾದ ನಾನು ಹಿಂದೆ ಸರಿದೆ. ಓಣಿಯ ಹಿರಿಯರೊಬ್ಬರು ಅವನ ರಟ್ಟೆ ಹಿಡಿದು ನಿಲ್ಲಿಸಿದರು.

"ತಡಿಯೋ ತಮ್ಮಾ. ಹ್ವಾದ ವರ್ಷನ ನಿಮ್ಮ ಕಾಕಾ ನಮ್ಮನ್ನೆಲ್ಲಾ ಕರಸಿ ಹೇಳ್ಯಾನ. ಮೊದಲ ಮಣ್ಣು ಮಾಸ್ತರಂದು, ಅವರೇ ನನ್ನ ಮನಿ ಮಗ ಅಂದಾನ."

ಮಣ್ಣು ಹಾಕಿದೆ. ಅಳುವೂ ಸಿಟ್ಟೂ ಒಟ್ಟಿಗೇ ಒತ್ತರಿಸಿ ಬಂದವು. ಓಣಿಗೆಲ್ಲ ಹೇಳಿದ್ದ ಪುಣ್ಯಾತ್ಮ, ನನಗೊಬ್ಬನಿಗೆ ಹೇಳಿರಲಿಲ್ಲ.